ನಮ್ಮ ವಿಚಾರಣೆಯ ದಫ್ತರಗಳು

ದೇವಾಲಯದ ಆಡಳಿತವೆಂದೊಡನೆ ನಾವು ಕಾಣಿಕೆಯ ಲೆಕ್ಕವನ್ನೇ ನೆನೆಯುತ್ತೇವೆ. ದಫ್ತರಗಳ ನೆನಪು ಬರುವುದು ವಿರಳ. ಜ್ಞಾನಸ್ನಾನ, ವಿವಾಹಗಳನ್ನು ವಿಚಾರಣಾ ಗುರುಗಳು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1614ರ ರೋಮನ್ ಸಂಸ್ಕಾರವಿಧಿಯು ಮರಣದ ದಾಖಲೆಯನ್ನೂ ಸೇರಿಸಿತು. ದೃಢೀಕರಣ, ವಿವಾಹ, ಗುರುದೀಕ್ಷೆಗಳೆಲ್ಲ ಜ್ಞಾನಸ್ನಾನದ ದಾಖಲೆಯ ಬದಿಯಲ್ಲೇ ನಮೂದಾಗುವವು. ದೂರದ ಊರಿನಲ್ಲಿ ಮದುವೆಯಾದರೂ ಆ ಸಮಾಚಾರ ಇಲ್ಲಿಗೆ ಬರಲೇಬೇಕು!

1983ರ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿ ವಿಚಾರಣೆಗೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿತು. ಪಾಲನಾ ಸಮಿತಿಗಾದರೋ ಸಲಹೆಯ ಹಕ್ಕಷ್ಟೇ. ಆ ಸಲಹೆಯನ್ನಾದರೂ ನಾವು ಕೊಟ್ಟೆವೇ? ನಮ್ಮ ಮೊದಲ ಜ್ಞಾನಸ್ನಾನ ಪುಸ್ತಕಕ್ಕೆ ಗೆದ್ದಲು ಹಿಡಿದಾಗ ಯಾವ ಸಭೆಯಲ್ಲೂ ನಾವು ಮಾತೆತ್ತಲಿಲ್ಲ. ಶತಮಾನೋತ್ಸವದ ಸಮಯದಲ್ಲಿ ಅಜ್ಜಂದಿರ ಹೆಸರನ್ನು ಅರಸಿ ಬಂದವರಿಗೆ ಅರ್ಧ ಸಾಲುಗಳನ್ನಷ್ಟೇ ತೋರಿಸಿದೆವು.