ತುರ್ತು ಪರಿಸ್ಥಿತಿಯಲ್ಲಿ ಆಹಾರ ಭದ್ರತೆ ಮತ್ತು ಪೌಷ್ಟಿಕತೆಯ ಅಂದಾಜು

ಬರ, ಪ್ರವಾಹ ಮುಂತಾದ ಆಪತ್ತುಗಳಲ್ಲಿ ಜನರಿಗೆ ಸಾಕಷ್ಟು ಆಹಾರ ದೊರೆಯುತ್ತಿದೆಯೇ, ಅವರ ದೇಹಸ್ಥಿತಿ ಹೇಗಿದೆ ಎಂಬುದನ್ನು ಅಳೆದು ಪರಿಹಾರವನ್ನು ನಿರ್ಧರಿಸುವ ಕ್ರಮವಿದು. ಬೆಳಗಾವಿ ಜಿಲ್ಲೆಯ ಪೂರ್ವಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪ್ರದೇಶವು ಬರ, ಪ್ರವಾಹಗಳೆರಡನ್ನೂ ಕಂಡಿದೆ.

1876–78ರ ಮಹಾಕ್ಷಾಮದಲ್ಲಿ ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲ್ಲೂಕಿಗೂ ಸವದತ್ತಿಯು ಪರಸಗಡ ತಾಲ್ಲೂಕಿಗೂ ಸೇರಿದ್ದವು. ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿತ್ತು. 1877ರಲ್ಲಿ ಬ್ರಿಟಿಷ್ ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡ್ (ಸುಮಾರು 450 ಗ್ರಾಂ) ಧಾನ್ಯದ ಬೆಲೆ ಹಾಗೂ ಅಲ್ಪ ಹಣಕ್ಕೆ ಇಳಿಸಿದರು. ದುಡಿಯುವ ದೇಹಕ್ಕೆ ಅಷ್ಟು ಸಾಲದು, ಸಸಾರಜನಕವೂ ಬೇಕು ಎಂದು ಮದರಾಸು ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್ ವಿರೋಧಿಸಿದರು. ಖಜಾನೆಯ ಲೆಕ್ಕವೇ ಬೇರೆ, ಹಸಿವಿನ ಲೆಕ್ಕವೇ ಬೇರೆ ಎಂಬುದು ಈ ವಿವಾದದಲ್ಲಿ ಎದ್ದು ಕಾಣುತ್ತದೆ.

1880ರ ಕ್ಷಾಮ ಆಯೋಗದ ವರದಿಯ ಬಳಿಕ ರೂಪುಗೊಂಡ ಕ್ಷಾಮ ಸಂಹಿತೆಗಳು ಧಾನ್ಯದ ಬೆಲೆಯೇರಿಕೆ, ಜನರ ಗುಳೆ ಮೊದಲಾದವನ್ನು ಮುನ್ಸೂಚನೆಗಳೆಂದು ಪರಿಗಣಿಸಿದವು. ಪರೀಕ್ಷಾ ಕಾಮಗಾರಿ ತೆರೆದು, ಅಲ್ಪ ಕೂಲಿಗೂ ಎಷ್ಟು ಜನ ಬರುವರೆಂಬುದರಿಂದ ಬರದ ತೀವ್ರತೆಯನ್ನು ಅಳೆಯಲಾಗುತ್ತಿತ್ತು. ವೃದ್ಧರು, ಅಶಕ್ತರು ಈ ಅಳತೆಗೆ ಸಿಕ್ಕುವವರಲ್ಲ. ಅವರನ್ನು ಊರೂರಿನಲ್ಲಿ ಹುಡುಕಿಯೇ ಪಟ್ಟಿ ಮಾಡಬೇಕಾಗಿತ್ತು.

ಪ್ರವಾಹದ ಅಂದಾಜು ಬೇರೆ ಬಗೆಯದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು. ಇಂತಹ ಸಂದರ್ಭದಲ್ಲಿ ಪೇಟೆಯಲ್ಲಿ ಧಾನ್ಯವಿದ್ದರೂ ಮನೆಯ ಜೋಳ ನೆನೆದು ಮೊಳೆತಿರುತ್ತದೆ, ಒಲೆ ಕುಸಿದಿರುತ್ತದೆ. ಆದುದರಿಂದ ದಾಸ್ತಾನಿನೊಡನೆ ಉರುವಲು, ಕುಡಿಯುವ ನೀರು, ದಿನದ ಊಟಗಳ ಸಂಖ್ಯೆಯನ್ನೂ ವಿಚಾರಿಸಬೇಕು. ಮಕ್ಕಳ ಸ್ಥಿತಿಯನ್ನು ಮೇಲ್ದೋಳಿನ ಸುತ್ತಳತೆಯಿಂದ ಅರಿಯಲಾಗುತ್ತದೆ: 6ರಿಂದ 59 ತಿಂಗಳ ಮಗುವಿನಲ್ಲಿ ಅದು 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆಯೆಂದು ಗಣಿಸಿ ಕೂಡಲೇ ಚಿಕಿತ್ಸೆಗೆ ಕಳುಹಿಸಲಾಗುತ್ತದೆ.