ಬೆಂಗಳೂರಿನ ವಠಾರಗಳಲ್ಲಿ ನೆರೆಹೊರೆಯ ಹಿತೋಕ್ತಿ

‘ನೆರೆ’ ಎಂದರೆ ಕೂಡು, ಸೇರು ಎಂದರ್ಥ. ಜನ ನೆರೆದರು ಎನ್ನುವಲ್ಲಿಯೂ, ನೆರೆಮನೆ ಎನ್ನುವಲ್ಲಿಯೂ, ಕಷ್ಟಕಾಲಕ್ಕೆ ಒದಗುವ ನೆರವು ಎನ್ನುವಲ್ಲಿಯೂ ಇರುವುದು ಒಂದೇ ಧಾತು. ಹತ್ತಿರವಿರುವವನು, ಸಹಾಯಕ್ಕೆ ಬರುವವನು ಎಂಬ ಎರಡು ಭಾವಗಳನ್ನು ಕನ್ನಡವು ಹೀಗೆ ಒಂದೇ ಬೇರಿನಿಂದ ಚಿಗುರಿಸಿಕೊಂಡಿದೆ. ಸಂಸ್ಕೃತದ ‘ಸಾಮಂತ’ ಶಬ್ದದ ಚರಿತ್ರೆಯೂ ಇಲ್ಲಿ ಸ್ಮರಣಾರ್ಹವಾದುದು. ನಾವು ಇಂದು ಆ ಶಬ್ದದಿಂದ ಚಕ್ರವರ್ತಿಗೆ ಕಪ್ಪವೊಪ್ಪಿಸುವ ಮಾಂಡಲಿಕನನ್ನು ತಿಳಿಯುತ್ತೇವಾದರೂ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಹೊಲಗಳ ವಿಷಯ ಬಂದಾಗ ಸಾಮಂತನೆಂದರೆ ಎಲ್ಲೆಯನ್ನು ಹಂಚಿಕೊಂಡ ನೆರೆಯವನೇ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಯ ಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಮೂರನೆಯ ಅಧಿಕರಣವು, ವಾಸ್ತುವಿಗೆ ಸಂಬಂಧಿಸಿದ ವ್ಯಾಜ್ಯಗಳು ನೆರೆಯವರ ಸಾಕ್ಷ್ಯವನ್ನವಲಂಬಿಸಿ ತೀರ್ಮಾನವಾಗತಕ್ಕವೆಂದೂ, ಭೂಮಿಯ ವಿಕ್ರಯಕಾಲದಲ್ಲಿ ಜ್ಞಾತಿಗಳ ತರುವಾಯ ಕೊಳ್ಳುವ ಅಧಿಕಾರ ನೆರೆಯವರದೆಂದೂ ವಿಧಿಸುತ್ತದೆ. ಬಚ್ಚಲ ನೀರಿನ ಕಾಲುವೆಯೂ ಬೆಂಕಿಯ ಸ್ಥಾನವೂ ಬೀಸುವ ಕಲ್ಲೂ ಪಕ್ಕದ ಗೋಡೆಯಿಂದ ಎಷ್ಟು ದೂರವಿರಬೇಕೆಂಬುದನ್ನು ಸಹ ಅದು ಬಿಟ್ಟಿಲ್ಲ. ನಮ್ಮ ವಿಷಯವನ್ನು ತಿಳಿದವರು ಯಾರೆಂದು ಕೇಳಿದರೆ ಆ ಶಾಸ್ತ್ರಕಾರನು ತೋರಿಸುವುದು ಪಂಡಿತನನ್ನಲ್ಲ, ಗೋಡೆಯಾಚೆಯವನನ್ನು.

ಧರ್ಮಾಸನದ ಮುಂದೆ ನೆರೆಯವನು ನುಡಿಯುವ ಸಾಕ್ಷ್ಯದ ವಿಚಾರ ಹಾಗಿರಲಿ. ದಿನದಿನವೂ ಹೊಸ್ತಿಲಾಚೆಗೆ ನಿಂತು ಅವನು, ಅದಕ್ಕಿಂತ ಹೆಚ್ಚಾಗಿ ಅವಳು, ಆಡುವ ಹಿತೋಕ್ತಿಯ ಸ್ವರೂಪವೇನು, ಅದಕ್ಕೆ ಪ್ರಾಮಾಣ್ಯ ಬರುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಅದಕ್ಕೆ ಕ್ಷೇತ್ರವಾಗಿ ಆರಿಸಿಕೊಂಡಿರುವುದು ಬೆಂಗಳೂರಿನ ಹಳೆಯ ಬಡಾವಣೆಗಳ ವಠಾರ. ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ಅಂಥದೊಂದು ವಠಾರದಲ್ಲಿ ಆದ್ದರಿಂದ, ಇಲ್ಲಿಯ ಸಾಮಗ್ರಿಯಲ್ಲಿ ಬಹುಭಾಗ ಕಿವಿಯಾರೆ ಕೇಳಿದ್ದು.

ವಠಾರದ ರಚನೆಯನ್ನು ಹೇಳದೆ ಅಲ್ಲಿಯ ಮಾತನ್ನು ವಿವರಿಸುವುದು ಶಕ್ಯವಲ್ಲ. ಬೀದಿಗೆ ಮುಖಮಾಡಿ ಮಾಲೀಕರ ಮನೆ, ಅದರ ಪಕ್ಕದಿಂದ ಒಳಕ್ಕೆ ಸಾಗುವ ಒಂದು ಓಣಿ, ಓಣಿಯ ಇಕ್ಕೆಲದಲ್ಲಿ ಇಲ್ಲವೇ ಒಂದೇ ಮಗ್ಗುಲಲ್ಲಿ ಸಾಲಾಗಿ ಆರೋ ಎಂಟೋ ಮನೆಗಳು, ಪ್ರತಿಯೊಂದಕ್ಕೂ ಒಂದು ಹಜಾರ, ಒಂದು ಅಡಿಗೆಮನೆ, ಬಹಳವಾದರೆ ನಡುವೆ ಒಂದು ಕೋಣೆ. ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಬಟ್ಟೆ ಹರವಲು ಎಳೆದ ತಂತಿ, ಕೊನೆಯಲ್ಲಿ ಪಾಯಿಖಾನೆ. ನಮ್ಮ ವಠಾರದಲ್ಲಿ ಮಂಗಳೂರು ಹೆಂಚಿನ ಮಾಡು ಒಂದೇ ಸಮನೆ ಹಾಯ್ದಿದ್ದು, ನಡುವಿನ ಗೋಡೆಗಳು ಮಾಡಿನವರೆಗೆ ಏರದೆ ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಂತುಬಿಟ್ಟಿದ್ದುದರಿಂದ, ಒಂದು ಮನೆಯ ಒಗ್ಗರಣೆಯ ಘಾಟಿಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಒಂದು ಮನೆಯ ಕೆಮ್ಮು ಮೂರು ಮನೆಗಳ ನಿದ್ರೆಯನ್ನು ಕೆಡಿಸುತ್ತಿತ್ತು. ಸಮಾಚಾರವು ಹೀಗೆ ಯಾರೂ ಹೇಳದೆಯೇ ತಲುಪುತ್ತಿದ್ದಲ್ಲಿ, ಬೆಳಗಾದ ಮೇಲೆ ವಿಚಾರಿಸದೆ ಇರುವುದೇ ಒಂದು ಬಗೆಯ ನಿಷ್ಠುರವಾಗಿ ತೋರುತ್ತಿತ್ತು.

ಈ ಬಗೆಯ ವಾಸಕ್ಕೆ ನಗರದ ಬೆಳವಣಿಗೆಯೇ ಕಾರಣ. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ತೊರೆದು ಜನ ಹೊಸ ಬಡಾವಣೆಗಳಿಗೆ ಬಂದರು. 1941ರಲ್ಲಿ ದಂಡಿನ ಪ್ರದೇಶವೂ ಸೇರಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ 8 ಲಕ್ಷಕ್ಕೆ ಸಮೀಪಿಸಿತು. ಕಚೇರಿಗಳಿಗೂ ಕಾರ್ಖಾನೆಗಳಿಗೂ ಹಾಸನ, ತುಮಕೂರು, ಕೋಲಾರಗಳ ಕಡೆಯಿಂದ ಬಂದವರಿಗೆ ಸ್ವಂತ ಮನೆ ದೂರದ ಮಾತಾಗಿತ್ತು. ಆಮೇಲೆ 1961ರ ಬಾಡಿಗೆ ನಿಯಂತ್ರಣ ಶಾಸನವು ಮಾಲೀಕರು ಬಾಡಿಗೆಯನ್ನು ಇಷ್ಟಬಂದಂತೆ ಏರಿಸುವುದನ್ನೂ ಬಾಡಿಗೆದಾರರನ್ನು ಬೇಕಾದಾಗ ಬಿಡಿಸುವುದನ್ನೂ ತಡೆದ ಪರಿಣಾಮವಾಗಿ, ಎರಡು ವರ್ಷಕ್ಕೆಂದು ಬಂದ ಸಂಸಾರಗಳು ಇಪ್ಪತ್ತು ಮೂವತ್ತು ವರ್ಷ ಅಲ್ಲಿಯೇ ನೆಲೆಸಿದವು. ಈ ದೀರ್ಘವಾಸವನ್ನು ನಾನು ಬಹಳ ಮುಖ್ಯವಾದ ಸಂಗತಿಯೆಂದು ಭಾವಿಸುತ್ತೇನೆ. ಅದೇಕೆಂಬುದು ಮುಂದೆ ತಿಳಿಯುತ್ತದೆ. ನೀರಿನ ಮಾತಂತೂ ಹೇಳಲೇಬೇಕಾದುದು. 1896ರಲ್ಲಿ ಹೆಸರಘಟ್ಟದಿಂದಲೂ, 1933ರ ವೇಳೆಗೆ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ನೀರು ಬಂದರೂ, ವಠಾರದ ನಲ್ಲಿಗೆ ಅದು ಬರುತ್ತಿದ್ದುದು ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ. ಕೊಡಗಳನ್ನು ಸಾಲಿಗಿಟ್ಟು ಸರತಿಗಾಗಿ ಕಾಯುವ ಆ ಮುಕ್ಕಾಲು ಗಂಟೆಯೇ ವಠಾರದ ನಿತ್ಯಸಭೆ. ಯಾವ ಅಂಗಡಿಯ ಬೇಳೆ ಬೇಗ ಬೇಯುತ್ತದೆ, ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಯಾವ ಗುಮಾಸ್ತರನ್ನು ಕಾಣಬೇಕು, ಯಾವ ಶಾಲೆಯಲ್ಲಿ ಎಂದು ಅರ್ಜಿ ಕೊಡುತ್ತಾರೆ, ಯಾವ ಡಾಕ್ಟರ ಕೈಗುಣ ಒಳ್ಳೆಯದು ಎಂಬೆಲ್ಲವೂ ಅಲ್ಲಿ ತೀರ್ಮಾನವಾಗುತ್ತಿದ್ದವು.

ಈಗ ಮಾತಿನ ರೂಪವನ್ನು ನೋಡೋಣ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯೋಪದೇಶದ ವೈಶಿಷ್ಟ್ಯವನ್ನು ತೋರಿಸುವಾಗ, ವೇದದ ಉಪದೇಶವು ಪ್ರಭುಸಮ್ಮಿತ, ಪುರಾಣೇತಿಹಾಸಗಳದು ಸುಹೃತ್ಸಮ್ಮಿತ, ಕಾವ್ಯದ್ದು ಕಾಂತಾಸಮ್ಮಿತ ಎಂದು ಅಲಂಕಾರಶಾಸ್ತ್ರದ ವಿಭಾಗವನ್ನು ಅನುಸರಿಸುತ್ತಾನೆ. ಪ್ರಭುವು ಆಜ್ಞಾಪಿಸುತ್ತಾನೆ; ಸ್ನೇಹಿತನಾದರೋ, ಹೀಗೆ ಮಾಡಿದವನಿಗೆ ಹೀಗಾಯಿತು ಎಂದು ನಡೆದುದನ್ನು ತಿಳಿಸಿ ನಿರ್ಣಯವನ್ನು ಕೇಳುವವನಿಗೇ ಬಿಡುತ್ತಾನೆ. ವಠಾರದ ಹಿತೋಕ್ತಿಯನ್ನು ಲಕ್ಷ್ಯವಿಟ್ಟು ಕೇಳಿದರೆ ಅದು ಈ ಎರಡನೆಯ ವರ್ಗಕ್ಕೆ ಎಷ್ಟು ಅಚ್ಚುಕಟ್ಟಾಗಿ ಸೇರುತ್ತದೆಂಬುದನ್ನು ಕಂಡು ಆಶ್ಚರ್ಯವಾಗದಿರದು. ಅಲ್ಲಿ ಬರಿಯ ವಿಧ್ಯರ್ಥದ ಕ್ರಿಯಾಪದ ಬಲು ವಿರಳ. ‘ಓಮದ ಕಷಾಯ ಕೊಡಿ’ ಎನ್ನುವವರು ಕಡಮೆ. ‘ನಮ್ಮನೇಲಿ ಹಿಂಗಾದಾಗ ಓಮದ ಕಷಾಯ ಮಾಡಿ ಕೊಟ್ವಿ, ಎರಡು ದಿನಕ್ಕೆ ಕಮ್ಮಿ ಆಯ್ತು’ ಎನ್ನುವವರೇ ಎಲ್ಲರೂ. ಇಲ್ಲಿಯ ‘ನಮ್ಮನೇಲಿ’ ಎಂಬ ಒಂದು ಪದದಲ್ಲಿ ಪ್ರಮಾಣವೂ ವಿನಯವೂ ಒಟ್ಟಿಗೆ ಅಡಗಿವೆ. ನಾನು ಬಲ್ಲೆನೆಂದು ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತಿದ್ದೇನೆ. ನಿಮ್ಮ ಮನೆಯ ಪದ್ಧತಿ ಬೇರೆ ಇದ್ದೀತು ಎಂಬುದು ಅದರ ಭಾವ.

ಆಜ್ಞಾರ್ಥವು ಬಂದೇ ತೀರಬೇಕಾದಾಗಲೂ ‘ನೋಡು’ ಧಾತು ಅದರ ಬೆನ್ನಿಗೆ ಬರುತ್ತದೆ: ‘ಒಂದ್ಸಲ ಹಚ್ಚಿ ನೋಡಿ.’ ಹಚ್ಚಿ ಎಂಬುದು ಅಪ್ಪಣೆ, ಹಚ್ಚಿ ನೋಡಿ ಎಂಬುದು ಪರೀಕ್ಷೆಗೆ ಆಹ್ವಾನ. ಹೇಳುವವರಿಗೆ ಸ್ವತಃ ಅನುಭವವಿಲ್ಲದ ಪಕ್ಷದಲ್ಲಿ ‘ಅಂತೆ’ ಎಂಬ ಅವ್ಯಯವು ವಾಕ್ಯದ ಕೊನೆಗೆ ಸೇರಿ, ಇದು ಕಂಡದ್ದಲ್ಲ, ಕೇಳಿದ್ದು ಎಂದು ಗುರುತು ಹಾಕುತ್ತದೆ. ಪ್ರತ್ಯಕ್ಷಪ್ರಮಾಣಕ್ಕೂ ಶಬ್ದಪ್ರಮಾಣಕ್ಕೂ ಇರುವ ಭೇದವನ್ನು ತಾರ್ಕಿಕರು ಗ್ರಂಥಗಳಲ್ಲಿ ಚರ್ಚಿಸಿದರೆ, ನಲ್ಲಿಯ ಬಳಿ ನಿಂತ ಹೆಂಗಸರು ಅದನ್ನು ‘ಅಂತೆ’ ಎಂಬ ಎರಡು ಅಕ್ಷರದಲ್ಲಿ ಪ್ರತಿದಿನವೂ ಕಾಪಾಡಿಕೊಂಡು ಬಂದರು. ‘ಆ ಡಾಕ್ಟ್ರು ಚೆನ್ನಾಗಿ ನೋಡ್ತಾರೆ’ ಎಂಬುದಕ್ಕೂ ‘ಚೆನ್ನಾಗಿ ನೋಡ್ತಾರಂತೆ’ ಎಂಬುದಕ್ಕೂ ಇರುವ ಅಂತರವನ್ನರಿತೇ ನಮ್ಮ ತಾಯಿ ಮಗುವನ್ನೆತ್ತಿಕೊಂಡು ಹೊರಡುತ್ತಿದ್ದರು, ಇಲ್ಲವೇ ಮತ್ತೊಬ್ಬರನ್ನು ಕೇಳುತ್ತಿದ್ದರು. ಇನ್ನು ಕಾಳಜಿಯ ಮಾತು ಸಾಮಾನ್ಯವಾಗಿ ಪ್ರಶ್ನೆಯ ರೂಪದಲ್ಲಿಯೇ ಬರುತ್ತದೆ: ‘ರಾತ್ರಿ ಮಗು ಅಳ್ತಾ ಇತ್ತಲ್ಲ, ಏನಾಗಿತ್ತು?’ ವಾಕ್ಯದ ನಡುವಣ ‘ಅಲ್ಲ’ ಎಂಬುದು, ನಮಗೆ ಕೇಳಿಸಿದೆ, ನೀವು ಮುಚ್ಚಿಡಬೇಕಾದುದಿಲ್ಲ, ಆದರೆ ಹೇಳುವುದು ಬಿಡುವುದು ನಿಮ್ಮ ಇಷ್ಟ ಎಂಬಷ್ಟನ್ನು ಧ್ವನಿಸುತ್ತದೆ.

ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ನನಗೆ ಒಂಬತ್ತು ವರ್ಷ, ತಂಗಿಗೆ ಎರಡು. ಒಂದು ರಾತ್ರಿ ಅವಳು ಕಿವಿಯನ್ನು ಹಿಡಿದುಕೊಂಡು ಅಳತೊಡಗಿದವಳು ನಿಲ್ಲಿಸಲೇ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮೂರನೆಯ ಮನೆಯ ಅಜ್ಜಿ ಸೆರಗು ಹೊದ್ದುಕೊಂಡು ಬಂದು ಬಾಗಿಲು ತಟ್ಟಿದರು. ‘ನಮ್ಮನೇಲಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ತೊಟ್ಟು ಬಿಡ್ತಿದ್ವಿ ಕಣಮ್ಮಾ, ಮಕ್ಕಳು ತಣ್ಣಗೆ ಮಲಗೋವು’ ಎಂದರು. ಎಣ್ಣೆ ಕಾಯಿತು, ಉಗುರುಬೆಚ್ಚಗಾದ ಮೇಲೆ ಹತ್ತಿಯಲ್ಲಿ ಅದ್ದಿ ಕಿವಿಗೆ ಹಿಂಡಿದ್ದಾಯಿತು. ಅಷ್ಟರಲ್ಲಿ ಕೊನೆಯ ಮನೆಯವರು, ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವರು, ಸಂಜೆಯ ಪಾಳಿ ಮುಗಿಸಿ ಬಂದು ದೀಪ ಕಂಡು ಒಳಗೆ ಇಣುಕಿದರು. ‘ಅಯ್ಯೋ, ಎಣ್ಣೆ ಬಿಟ್ರಾ ಅಕ್ಕಾ? ಒಳಗೆ ತಮಟೆ ಒಡೆದಿದ್ರೆ ಕಷ್ಟ. ಯಾತಕ್ಕೂ ಬೆಳಗ್ಗೆ ಎದ್ದೋಳೇ ತೋರಿಸಿಬಿಡೋಣ, ನಾನೂ ಬರ್ತೀನಿ’ ಎಂದರು. ಬೆಳಗಾಗುವಷ್ಟರಲ್ಲಿ ಕಿವಿ ಸೋರುತ್ತಿತ್ತು. ವೈದ್ಯರು ಕಿವಿಯೊಳಗೆ ಏನನ್ನೂ ಬಿಡಕೂಡದೆಂದು ಹೇಳಿ ಔಷಧ ಬರೆದುಕೊಟ್ಟರು. ವಾಸಿಯಾಗಲು ಮೂರು ವಾರ ಹಿಡಿಯಿತು.

ಆ ಮೂರು ವಾರವೂ ಅಜ್ಜಿ ಬೆಳಗಿನ ನೀರಿಗೆ ಮುಂಚೆ ನಮ್ಮ ಹೊಸ್ತಿಲ ಬಳಿ ಬಂದು ನಿಲ್ಲುತ್ತಿದ್ದರು. ಕೇಳುತ್ತಿದ್ದುದು ‘ಕಿವಿ ಹೆಂಗಿದೆ?’ ಎಂಬ ಎರಡೇ ಮಾತು. ನಮ್ಮ ತಾಯಿ ಒಂದು ದಿನವೂ ಅವರನ್ನು ಆಕ್ಷೇಪಿಸಲಿಲ್ಲ. ಅವರೂ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ಅದಾದ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಮಾಲೀಕರ ಮೊಮ್ಮಗುವಿಗೆ ಕಿವಿನೋವು ಬಂದಾಗ ಅದೇ ಅಜ್ಜಿ, ‘ಎಣ್ಣೆಗಿಣ್ಣೆ ಬಿಡ್ಬೇಡಿ, ನಾಲ್ಕನೇ ಮನೆ ಮಗೂಗೆ ನಾನೇ ಹೇಳಿ ಸೋರೋ ಹಂಗಾಯ್ತು’ ಎಂದದ್ದನ್ನು ನಾನು ನಲ್ಲಿಯ ಬಳಿ ಕೇಳಿದ್ದೇನೆ. ತಪ್ಪಿದ ಸಲಹೆ ಹೀಗೆ ಮರೆವಿಗೆ ಬೀಳದೆ ಮತ್ತೊಂದು ಉಪಾಖ್ಯಾನವಾಯಿತು. ತಪ್ಪಿತಸ್ಥರೇ ಅದರ ನಿರೂಪಕರಾದರು. ನನ್ನ ಅಭಿಪ್ರಾಯದಲ್ಲಿ ನೆರೆಯ ಹಿತೋಕ್ತಿಯ ಪ್ರಾಮಾಣ್ಯವಿರುವುದು ಇಲ್ಲಿಯೇ. ಅಜ್ಜಿಯ ವೈದ್ಯಜ್ಞಾನ ಅಲ್ಪವಾದುದು, ನರ್ಸಮ್ಮನವರದು ಅಧಿಕವಾದುದು. ಆದರೆ ಇಬ್ಬರ ಮಾತಿಗೂ ಸಮಾನವಾದ ಒಂದು ಗುಣವಿತ್ತು: ಹೇಳಿದವರು ಮರುದಿನವೂ ಅಲ್ಲಿಯೇ ಇರಬೇಕಾಗಿತ್ತು, ತಮ್ಮ ಮಾತಿನ ಫಲವನ್ನು ಗೋಡೆಯ ಮೇಲಿಂದ ಕೇಳಿಸಿಕೊಂಡೇ ಮಲಗಬೇಕಾಗಿತ್ತು. ಸುಹೃತ್ತು ಕಥೆಯನ್ನು ಹೇಳಿ ಊರಿಗೆ ಹೋಗಬಹುದು, ನೆರೆಯವಳು ಹೋಗುವಂತಿಲ್ಲ. ದೀರ್ಘವಾಸವು ಮುಖ್ಯವೆಂದು ನಾನು ಮೊದಲೇ ಹೇಳಿದುದು ಈ ಕಾರಣದಿಂದ.

ಮಾತಿನೊಡನೆ ವಸ್ತುವೂ ಓಡಾಡುತ್ತಿತ್ತು. ಹೆಪ್ಪಿಗೆ ಒಂದು ಚಮಚ ಮೊಸರು, ದೊಡ್ಡಪತ್ರೆಯ ನಾಲ್ಕು ಎಲೆ, ಮಗುವಿಗೆ ತೇಯ್ದು ನೆಕ್ಕಿಸಲು ಒಂದು ಕೊಂಬು ಬಜೆ. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿಗಳನ್ನು ಕೊಡಬಾರದೆಂಬ ಕಟ್ಟಳೆ ಇದ್ದುದರಿಂದ ಸಂಜೆಗೆ ಮುಂಚಿನ ಅರ್ಧ ಗಂಟೆಯಲ್ಲಿ ಓಣಿಯ ತುಂಬ ಬಟ್ಟಲುಗಳ ಸಂಚಾರ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ಇರಲಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ತಳದಲ್ಲಿರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವಠಾರದಲ್ಲಿ ಅಷ್ಟಾಗಿ ಸಲ್ಲದಿದ್ದುದಕ್ಕೆ, ಅಲ್ಲಿ ಒಬ್ಬರ ಹಿತ್ತಿಲು ಎಂಬುದೇ ಇರದೆ, ಇದ್ದ ಡಬ್ಬದ ಗಿಡಗಳೆಲ್ಲ ಎಲ್ಲರವೂ ಆಗಿದ್ದುದೇ ಕಾರಣವೆಂದು ತೋರುತ್ತದೆ.

ಇಷ್ಟು ಹೇಳಿದವನು ಇದರ ಇನ್ನೊಂದು ಮುಖವನ್ನು ಮರೆಮಾಚಿದರೆ ಸತ್ಯಕ್ಕೆ ಅಪಚಾರ. ಅನೇಕ ವಠಾರಗಳಲ್ಲಿ ಮಾಲೀಕರು ತಮ್ಮ ಜಾತಿಯವರಿಗಲ್ಲದೆ ಮನೆ ಕೊಡುತ್ತಿರಲಿಲ್ಲ. ಆದುದರಿಂದ ಆ ಹಿತೋಕ್ತಿಯ ಪ್ರವಾಹ ಎಷ್ಟು ಆರ್ದ್ರವಾಗಿದ್ದರೂ ಅದು ಕಟ್ಟೆಯೊಳಗಿನ ನೀರು. ಪಾಯಿಖಾನೆಯನ್ನು ಶುಚಿಮಾಡಲು ಹಿಂದಿನ ಬಾಗಿಲಿಂದ ಬರುತ್ತಿದ್ದ ಹೆಂಗಸಿನ ಮಗು ಕೆಮ್ಮಿದಾಗ ‘ನಮ್ಮನೇಲಿ’ ಎಂದು ಯಾರೂ ಮಾತು ತೆಗೆದದ್ದನ್ನು ನಾನು ಕೇಳಲಿಲ್ಲ. ಗೋಡೆಯ ಮೇಲೆ ಹಾಯ್ದ ಕಿವಿಯು ಕಾಳಜಿಯನ್ನು ಹೊತ್ತು ತಂದಂತೆ ಕಾವಲನ್ನೂ ತಂದಿತು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದ ಎರಡನೆಯ ಮನೆಯ ಸೊಸೆಗೆ ಹಿತ ಹೇಳದವರಿರಲಿಲ್ಲ. ಅವಳು ಕಡೆಕಡೆಗೆ ಎಲ್ಲರೂ ತುಂಬಿಕೊಂಡು ಹೋದ ಮೇಲೆ, ನೀರು ಸಣ್ಣಗಾದ ಹೊತ್ತಿಗೆ ಒಬ್ಬಳೇ ನಲ್ಲಿಗೆ ಬರುತ್ತಿದ್ದಳು. ಅರ್ಧ ತುಂಬಿದ ಆ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ ಅವಳನ್ನು ನೆನೆದಾಗ, ನೆರೆಹೊರೆಯನ್ನು ಬರಿಯ ಸುವರ್ಣಯುಗವೆಂದು ಬಣ್ಣಿಸುವ ಬರೆಹಗಳಲ್ಲಿ ನನಗೆ ವಿಶ್ವಾಸ ಹುಟ್ಟುವುದಿಲ್ಲ.

ಸರ್ಕಾರವು ಈ ಶಕ್ತಿಯನ್ನು ಗುರುತಿಸಿದ್ದು ತಡವಾಗಿ. 1975ರಲ್ಲಿ ದೇಶದ 33 ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಲ್ಲಿಂದ ಹಬ್ಬಿದ ಅಂಗನವಾಡಿಯ ಕಾರ್ಯಕರ್ತೆಯೂ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯೂ ಆ ಊರಿನವರೇ ಆಗಿರಬೇಕೆಂಬ ನಿಯಮದಲ್ಲಿ ಅಜ್ಜಿಯ ಹೊಸ್ತಿಲು ಕಾಣುತ್ತದೆ. ಭೇದಿಯಾದ ಮಗುವಿಗೆ ನೀರು ಕೊಡಕೂಡದೆಂಬ ಹಳೆಯ ತಪ್ಪು ನಂಬಿಕೆಯನ್ನು ಬಿಡಿಸಿ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸುವುದನ್ನು ಕಲಿಸಲು, ಗೋಡೆಯ ಮೇಲಿನ ಭಿತ್ತಿಪತ್ರಕ್ಕಿಂತ ನಾಳೆಯೂ ಎದುರಾಗುವ ಹೆಂಗಸಿನ ಮಾತು ಹೆಚ್ಚು ಸಮರ್ಥವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ನಮ್ಮ ವಠಾರ ಈಗಿಲ್ಲ. ಬಾಡಿಗೆಯ ಹಳೆಯ ಶಾಸನ ಹೋಗಿ 1999ರ ಶಾಸನ ಬಂದ ಮೇಲೆ ಒಂದೊಂದೇ ಸಂಸಾರ ತೆರಳಿತು. ಮಾಲೀಕರ ಮಕ್ಕಳು ನಿವೇಶನವನ್ನು ಮಾರಿದರು. ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ. ಅಜ್ಜಿ ತೀರಿಕೊಂಡು ಬಹುಕಾಲವಾಯಿತು. ನರ್ಸಮ್ಮನವರು ಯಲಹಂಕದ ಆಚೆ ಮಗನ ಮನೆಯಲ್ಲಿದ್ದಾರೆ. ಹೋದ ಮಾಗಿಯಲ್ಲಿ ನನ್ನ ಮೊಮ್ಮಗನಿಗೆ ಎದೆ ಕಟ್ಟಿದಾಗ, ಮನೆಯ ಪಕ್ಕದಲ್ಲಿಯೇ ಆಸ್ಪತ್ರೆ ಇದ್ದರೂ, ವೈದ್ಯರಿಗೆ ತೋರಿಸಿ ಬಂದ ಮೇಲೂ, ತೊಂಬತ್ತರ ಹತ್ತಿರವಿರುವ ನಮ್ಮ ತಾಯಿ ನರ್ಸಮ್ಮನವರಿಗೆ ಫೋನು ಮಾಡಿ ಕುಳಿತರು. ‘ನಮ್ಮನೇಲಿ ಸಂಬಾರ ಸೊಪ್ಪು ಬಾಡಿಸಿ ರಸ ಕೊಡ್ತಿದ್ವಲ್ಲ, ಈಗಿನ ಮಕ್ಕಳಿಗೆ ಕೊಡಬಹುದಾ?’ ಎಂದು ಕೇಳಿದರು. ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮರುದಿನ ಬೆಳಗ್ಗೆ ಆರೂವರೆಗೆ, ಹಿಂದೆ ನಲ್ಲಿಯಲ್ಲಿ ನೀರು ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಫೋನು ಮೊಳಗಿತು, ಎತ್ತಿದವನು ನಾನು. ಕ್ಷೇಮಸಮಾಚಾರದ ಪೀಠಿಕೆ ಯಾವುದೂ ಇಲ್ಲದೆ ಅವರು ಕೇಳಿದರು: ‘ರಾತ್ರಿ ನಿದ್ದೆ ಮಾಡ್ತೇನಪ್ಪಾ ಮಗು?’