ಕೊಪಣದ ಕವಿಯೂ ಕಥಾಸಂಗ್ರಹವೂ

ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಕಡೆಯಿಂದ ಕೊಪ್ಪಳಕ್ಕೆ ಬರುವ ವಾಚಕರು ಒಮ್ಮೆ ಪಾಲ್ಕಿಗುಂಡಿನ ಬೆಟ್ಟವನ್ನು ಹತ್ತಿ ನೋಡಬೇಕು. ಅಶೋಕನ ಶಾಸನದ ಬಳಿಯಲ್ಲಿಯೇ ಬಂಡೆಯ ಮೇಲೆ ಎರಡು ಪಾದಗಳನ್ನು ಕೊರೆದಿದ್ದಾರೆ. ಕೆಳಗೆ ಹಳಗನ್ನಡದ ಎರಡು ಸಾಲುಗಳಿವೆ. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬಾತನು ಮಾಡಿಸಿದನು—ಇಷ್ಟೇ ಅದರ ಒಕ್ಕಣೆ.

ಈ ಆಚಾರ್ಯರೇ ಸಂಸ್ಕೃತದ ‘ವರಾಂಗಚರಿತ’ವನ್ನು ರಚಿಸಿದ ಕವಿಯೆಂದು ವಿದ್ವಾಂಸರ ಮತ. 779ರಲ್ಲಿ ಮುಗಿದ ಪ್ರಾಕೃತದ ‘ಕುವಲಯಮಾಲೆ’ಯು ಆ ಕಾವ್ಯವನ್ನು ಸ್ಮರಿಸುವುದರಿಂದ ಅದು ಇನ್ನೂ ಹಿಂದಿನದು. ಅದರಲ್ಲಿ 31 ಸರ್ಗಗಳಿವೆ. ಮುಂದೆ ವರ್ಧಮಾನನೆಂಬ ಕವಿಯು ಅದೇ ಕಥೆಯನ್ನು 13 ಸರ್ಗಗಳಿಗೆ ಇಳಿಸಿದನು.

ದೊಡ್ಡ ಕಥೆಯನ್ನು ಇಷ್ಟು ಕಿರಿದುಮಾಡುವುದು ಹೇಗೆ? ಕಥೆಯನ್ನೇ ನೋಡಿರಿ. ಮಲತಾಯಿಯ ಪಕ್ಷದ ಮಂತ್ರಿಯು ತಪ್ಪಾಗಿ ಪಳಗಿಸಿದ ಕುದುರೆಯು ರಾಜಕುಮಾರ ವರಾಂಗನನ್ನು ಕಾಡಿಗೆ ಒಯ್ಯುತ್ತದೆ. ಅವನು ವರ್ತಕರ ತಂಡವನ್ನು ಕಳ್ಳರಿಂದ ಕಾಯುತ್ತಾನೆ. ಹೆಸರನ್ನು ಮರೆಸಿಕೊಂಡು ಲಲಿತಪುರದಲ್ಲಿ ಬಾಳುತ್ತಾನೆ. ಯುದ್ಧವನ್ನು ಗೆದ್ದು ತಂದೆಯನ್ನು ಕೂಡಿಕೊಂಡು, ಕಡೆಗೆ ದೀಕ್ಷೆಯನ್ನು ಪಡೆಯುತ್ತಾನೆ. ಇದರಲ್ಲಿ ಕುದುರೆಯನ್ನು ಬಿಡುವಂತಿಲ್ಲ. ಬಿಟ್ಟರೆ ಕಾಡಿಲ್ಲ, ವರ್ತಕರಿಲ್ಲ, ಲಲಿತಪುರವೂ ಇಲ್ಲ. ವರ್ಧಮಾನನು ಇಂಥ ಕೊಂಡಿಗಳನ್ನು ಉಳಿಸಿಕೊಂಡು, ವರ್ಣನೆಗಳನ್ನೂ ತತ್ತ್ವಚರ್ಚೆಗಳನ್ನೂ ಮೊಟಕುಗೊಳಿಸಿದನು. ಸಂಗ್ರಹಕಾರನ ಜಾಣತನವಿರುವುದು ಇಲ್ಲಿಯೇ.

ಆದರೆ ನಷ್ಟವೂ ಇಲ್ಲಿಯೇ ಇದೆ. ಮೂಲದ 25ನೆಯ ಸರ್ಗದಲ್ಲಿ ಜಟಾಸಿಂಹನಂದಿಯು ಹುಟ್ಟಿನಿಂದ ಬರುವ ಮೇಲುಕೀಳುಗಳನ್ನು ಯುಕ್ತಿಯುಕ್ತವಾಗಿ ಖಂಡಿಸುತ್ತಾನೆ. ಅದರಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಸಾಗುವುದಿಲ್ಲವೆಂಬುದು ನಿಜ. ಆದರೆ ಆ ಕವಿಯ ಮನಸ್ಸು ನಮಗೆ ತಿಳಿಯುವುದು ಅಂಥ ಕಡೆಯಲ್ಲಿಯೇ. ಕಥೆಗೆ ಬೇಡವಾದದ್ದು ಕವಿಗೂ ಬೇಡವಾಗಿತ್ತೆಂದು ಹೇಳಲಾದೀತೆ?

ಪುಣ್ಯಕ್ಕೆ ಮೂಲವು ಓಲೆಗರಿಗಳಲ್ಲಿ ಉಳಿದುಬಂದಿತು. ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು 1938ರಲ್ಲಿ ಅದನ್ನು ಸಂಪಾದಿಸಿ ಅಚ್ಚಿಗೆ ತಂದರು. ಅದು ನಾಶವಾಗಿದ್ದರೆ, 13 ಸರ್ಗಗಳಿಂದ ಆ 31ನ್ನು ಮತ್ತೆ ಕಟ್ಟುವುದು ಯಾರಿಂದಲೂ ಆಗುತ್ತಿರಲಿಲ್ಲ.

ಬಾನುಲಿಯ ಭಾಷಣಕ್ಕೆ ನಿಮಿಷಗಳ ಗಡುವು, ಪತ್ರಿಕೆಗೆ ಪುಟಗಳ ಗಡುವು. ಸಂಗ್ರಹವು ಯಾವ ಕಾಲಕ್ಕೂ ಬೇಕಾದದ್ದೇ. ನಿಮ್ಮ ಮಕ್ಕಳು ಶಾಲೆಯಲ್ಲಿ ಕಾದಂಬರಿಯೊಂದರ ಸಾರಾಂಶವನ್ನು ಒಂದು ಪುಟದಲ್ಲಿ ಬರೆಯುವಾಗ ಕಥೆಯ ಕೊಂಡಿ ಕಳಚದಂತೆ ನೋಡಿಕೊಳ್ಳಲು ಹೇಳಿರಿ. ಬರೆದು ಮುಗಿದ ಮೇಲೆ ಮೂಲಗ್ರಂಥವನ್ನೂ ಅವರ ಕೈಗೆ ಕೊಡಿರಿ.